ಜೋಡಗುಡಿಯ ಬಡಗಣ ಬಾಗಿಲು

ಬೆಳಕೂರ, ಮುರುಮ ಟಪಾಲು
ರೌದ್ರಿ ಸಂವತ್ಸರ, ಕಾರ್ತಿಕ ಶುದ್ಧ ಪಂಚಮಿ (ಇಸವಿ 1920)

ತೀರ್ಥರೂಪ ಅಪ್ಪನವರಿಗೆ, ಮಗಳು ಪ್ರಯಾಗ ದೂರದಿಂದಲೇ ಪಾದ ಮುಟ್ಟಿ ಬರೆಯುವುದು.

ಇಲ್ಲಿ ಎಲ್ಲರೂ ಆರಾಮ. ಹಿಂಗಾರಿ ಜೋಳ ಮೊಳಕಾಲಿಗೆ ಬಂದಿದೆ. ಮಾವನವರ ಪತ್ರವೊಂದು ನಿಮಗೆ ಬರಲಿದೆ. ಅದಕ್ಕಿಂತ ಮೊದಲೇ ನಾನು ವಿಷಯ ತಿಳಿಸುತ್ತಿದ್ದೇನೆ.

ನಮ್ಮೂರ ಜೋಡಗುಡಿ ನಿಮಗೆ ನೆನಪಿರಬೇಕು. ನನ್ನ ಮದುವೆಯ ದಿನ ಬೀಗರ ನಡುವಿನಿಂದ ತಪ್ಪಿಸಿಕೊಂಡು ಹೋಗಿ ಅದರ ಕಂಬಗಳನ್ನು ಸವರುತ್ತ ನಿಂತಿದ್ದಿರಿ. ಒಂದೇ ಮಂಟಪ, ಅದಕ್ಕೆ ಎರಡು ಗರ್ಭಗುಡಿ. ಪಡುವಣದ್ದರಲ್ಲಿ ನಮ್ಮ ಕಲ್ಲೇಶ್ವರ ಲಿಂಗ, ಮಾವನವರ ಬಾಯಲ್ಲಿ ಕಲ್ಲಯ್ಯ. ಬಡಗಣದ್ದರಲ್ಲಿ ಕಣ್ಣು ಅರೆಮುಚ್ಚಿ ಕುಳಿತ ಕರಿಕಲ್ಲಿನ ಮೂರ್ತಿ. ಊರವರು ಅದಕ್ಕೆ ‘ಮೂಕಪ್ಪ’ ಅನ್ನುತ್ತಾರೆ. ಅದಕ್ಕೆ ದೀಪವಿಲ್ಲ, ಎಡೆಯಿಲ್ಲ. ನಮ್ಮ ಮನೆಯ ಕಣಕಿಯನ್ನು ಅದರ ಸುತ್ತ ಒಟ್ಟಿರುತ್ತಾರೆ, ಎತ್ತಿಗೆ ಮೇವು ಬೇಕಾದಾಗ ಮಾತ್ರ ಆ ಬಾಗಿಲು ತೆರೆಯುತ್ತದೆ.

ಮುರುಮದಲ್ಲಿ ಕಾಳಿನ ವ್ಯಾಪಾರ ಮಾಡುವ ನೇಮಣ್ಣ ಎಂಬ ಜೈನರು ಬಂದು, ಅದು ನಮ್ಮ ಜಿನದೇವರು, ವರ್ಷಕ್ಕೊಂದು ದಿನ ಪೂಜೆಗೆ ಬಿಡಿ ಎಂದು ಕೇಳಿದರು. ಮಾವನವರು ಊರ ಪಾಟೀಲರು, ಅವರ ಮಾತೇ ಕಡೆ. ಆಗುವುದಿಲ್ಲ ಅಂದುಬಿಟ್ಟರು. ನೇಮಣ್ಣ ಉಮರ್ಗಾದ ಕಚೇರಿಗೆ ಅರ್ಜಿ ಹಾಕಿದರು. ಸುಗ್ಗಿ ಮುಗಿದ ಮೇಲೆ ತಹಸೀಲ್ದಾರ ಸಾಹೇಬರು ಬರುತ್ತಾರಂತೆ. ಮಂಟಪದ ಬಾಗಿಲ ಪಕ್ಕದಲ್ಲಿ ಒಂದು ಶಾಸನದ ಕಲ್ಲಿದೆ, ಅದನ್ನು ಬಲ್ಲವರಿಂದ ಓದಿಸಿರಿ ಎಂದು ಹೇಳಿಕಳುಹಿಸಿದ್ದಾರೆ.

ನಿನ್ನೆ ಊಟಕ್ಕೆ ಕೂತಾಗ ಮಾವನವರು, “ಇವತ್ತ ಒಂದ ದಿನಾ ಅಂತಾರ, ನಾಳಿ ಕೀಲಿ ಹಾಕ್ತಾರ. ಆಮ್ಯಾಲ ನಮ್ಮ ಕಲ್ಲಯ್ಯ ಎಲ್ಲಿ ಹೋಗಬೇಕು?” ಅಂದರು. ಆಮೇಲೆ ನಾನಿದ್ದ ಕಡೆ ತಿರುಗಿ, “ನಮ್ಮ ಬೀಗರಿಗಿ ಹಳೀ ಅಕ್ಷರಾ ಬರ್ತಾವ. ಅವ್ರು ಬಂದು ಓದಲಿ. ಸಾಹೇಬ್ರೂ ಕೇಳಲಿ, ಆ ನೇಮಣ್ಣನೂ ಕೇಳಲಿ,” ಅಂದರು. ನನ್ನ ತವರಿನ ಹೆಸರನ್ನು ಇಷ್ಟು ಹೆಮ್ಮೆಯಿಂದ ಅವರು ಎತ್ತಿದ್ದು ನಾನು ಕೇಳಿದ್ದು ಇದೇ ಮೊದಲು. ಬರುತ್ತೀರಲ್ಲವೇ?

ನಿಮ್ಮ ಮಗಳು,
ಪ್ರಯಾಗ

* * *

ಉದಗೀರ
ಕಾರ್ತಿಕ ಬಹುಳ ಪಾಡ್ಯ

ಚಿರಂಜೀವಿ ಪ್ರಯಾಗಳಿಗೆ ಶಾಂತವೀರಪ್ಪನ ಆಶೀರ್ವಾದ.

ನಿನ್ನ ಪತ್ರವೂ ಬೀಗರ ಪತ್ರವೂ ಒಂದೇ ದಿನ ಮುಟ್ಟಿದವು. ಬರದೆ ಇರುತ್ತೇನೆಯೇ? ಮಠದ ಶಾಲೆಯ ಹುಡುಗರಿಗೆ ಕಾಗುಣಿತ ತಿದ್ದಿಸಿ ತಿದ್ದಿಸಿ ನನಗೂ ಬೇಸರ ಬಂದಿದೆ. ಆ ಕಲ್ಲನ್ನು ಮದುವೆಯ ಗಡಿಬಿಡಿಯಲ್ಲಿ ದೂರದಿಂದ ನೋಡಿದ್ದೆ. ಸುಣ್ಣವೂ ಎಣ್ಣೆಯೂ ಮೆತ್ತಿ ಒಂದಕ್ಷರವೂ ಕಾಣುತ್ತಿರಲಿಲ್ಲ.

ಈಗಲೇ ನಿನಗೊಂದು ಕೆಲಸ ಕೊಡುತ್ತೇನೆ. ಅತ್ತೆಯವರನ್ನು ಕೇಳಿ ಗುಡಿಗೆ ಹೋಗು. ಕಲ್ಲನ್ನು ಸೀಗೆಕಾಯಿ ನೀರಿನಿಂದ ತೊಳೆ. ಕಬ್ಬಿಣ ಮುಟ್ಟಿಸಬೇಡ, ತೆಂಗಿನ ನಾರು ಸಾಕು. ಒಣಗಿದ ಮೇಲೆ ಅಕ್ಷರಗಳೊಳಗೆ ಜೋಳದ ಹಿಟ್ಟು ತುಂಬಿ ಮೇಲಿನದನ್ನು ಅಂಗೈಯಿಂದ ಒರೆಸು. ಕರಿಕಲ್ಲಿನ ಮೇಲೆ ಬೆಳ್ಳಗೆ ಎದ್ದು ಕಾಣುತ್ತವೆ. ಇದ್ದದ್ದನ್ನು ಇದ್ದಂತೆಯೇ ಬರೆದು ಕಳಿಸು. ಚಿಕ್ಕವಳಿದ್ದಾಗ ನನ್ನ ಜೊತೆ ಕಟ್ಟೆಯ ಮೇಲೆ ಕೂತು ಹಳೆಯ ಅಕ್ಷರ ಕಲಿತವಳು ನೀನು, ನಿನ್ನ ಕೈಗೆ ಮರೆತಿರಲಾರದು.

ಗುಡಿಯನ್ನೂ ಸರಿಯಾಗಿ ನೋಡಿ ಬರೆ. ಕಲ್ಲು ಬರೆದದ್ದನ್ನು ಮಾತ್ರವಲ್ಲ, ಕಟ್ಟಿದ ಕೈಯನ್ನೂ ಓದಬೇಕು. ಎರಡು ಬಾಗಿಲವಾಡಗಳ ನೆತ್ತಿಯ ಮೇಲೆ ಏನು ಕೆತ್ತಿದ್ದಾರೆ? ಕಂಬಗಳು ಎಲ್ಲ ಒಂದೇ ಬಗೆಯವೋ? ಯಾವ ಗೋಡೆ ಯಾವುದಕ್ಕೆ ಆತುಕೊಂಡಿದೆ?

ನಿನ್ನ ಅಪ್ಪ,
ಶಾಂತವೀರಪ್ಪ

* * *

ಬೆಳಕೂರ
ಮಾರ್ಗಶಿರ ಶುದ್ಧ ತದಿಗೆ

ಅಪ್ಪಾ,

ಅತ್ತೆ ಭಾಗೀರಥಿಬಾಯಿಯವರು ಮೊದಲು ಒಲ್ಲೆನೆಂದರು. “ಪಾಟೀಲರ ಸೊಸಿ ಗುಡಿಯಾಗ ಕಲ್ಲ ತಿಕ್ಕಲಿಕ್ಕಿ ಕುಂತ್ರ ಮಂದಿ ಏನಂತಾರ?” ಮಾವನವರು ಹೊರಗಿನಿಂದಲೇ, “ಬೀಗರು ಹೇಳ್ಯಾರ, ತಿಕ್ಕಲಿ ಬಿಡು,” ಅಂದ ಮೇಲೆ ಅತ್ತೆಯೇ ಕೊಡ ಎತ್ತಿಕೊಂಡು ನನ್ನ ಜೊತೆ ಬಂದರು. ಮೂರನೆಯ ದಿನಕ್ಕೆ ಅವರಿಗೂ ಹುರುಪು ಹತ್ತಿತು. ಒಂದೊಂದು ಅಕ್ಷರ ಬೆಳ್ಳಗೆ ಎದ್ದಾಗಲೂ, “ಇದು ಏನಾ? ಇದು?” ಎಂದು ಕೇಳುತ್ತಾರೆ. ಅವರ ಹೆಸರಿನ ‘ಭ’ ಸಿಕ್ಕಾಗ ಅದರ ಮೇಲೆ ಬೆರಳಾಡಿಸಿ ಬಹಳ ಹೊತ್ತು ಕೂತಿದ್ದರು.

ಗುಡಿ ನೋಡಿದೆ. ಇಷ್ಟು ದಿನ ಕೈಮುಗಿದು ಬರುತ್ತಿದ್ದೆ, ನೋಡಿರಲಿಲ್ಲ. ಕಲ್ಲೇಶ್ವರನ ಮುಂದಿನ ಕಂಬಗಳು ತಿರುಗಣಿಯವು, ಬುಗುರಿಯಂತೆ ಉರುಟು, ಕೈಯಿಟ್ಟರೆ ಜಾರುತ್ತದೆ. ಬಾಗಿಲ ಎರಡೂ ಕಡೆ ಗಾಳಿ ಬೆಳಕು ಸುಳಿಯುವ ಕಲ್ಲಿನ ಜಾಲರಿ. ನೆತ್ತಿಯ ಮೇಲೆ ಲಕ್ಷ್ಮಿ, ಆಚೆ ಈಚೆ ಆನೆಗಳು ನೀರು ಸುರಿಯುತ್ತಿವೆ. ಮಂಟಪದ ಮಾಳಿಗೆಯ ನಡುವೆ ತಲೆಕೆಳಗಾಗಿ ತೂಗುವ ತಾವರೆ.

ಬಡಗಣ ಗುಡಿ ಬೇರೆ ಥರ. ಕಂಬಗಳು ಚೌಕ, ದಪ್ಪ, ಏನೂ ಸಿಂಗಾರವಿಲ್ಲ. ಗೋಡೆಯ ಕಲ್ಲುಗಳು ಚಿಕ್ಕವು, ಅಂಚು ಸವೆದಿವೆ. ಬಾಗಿಲ ನೆತ್ತಿಗೆ ದಪ್ಪ ಸುಣ್ಣ. ಒದ್ದೆ ಬಟ್ಟೆಯಿಂದ ಒರೆಸಿದಾಗ ಒಂದರ ಮೇಲೊಂದು ಮೂರು ಕೊಡೆ ಕಂಡವು, ಅವುಗಳ ಕೆಳಗೆ ಕುಳಿತ ಪುಟ್ಟ ಮೂರ್ತಿ. ಒಳಗಿರುವ ಮೂಕಪ್ಪನ ಹಾಗೆಯೇ. ಮಂಟಪದ ಗೋಡೆ ಈ ಬಡಗಣ ಗೋಡೆಗೆ ಬಂದು ಆತುಕೊಂಡಿದೆ. ಇದು ಅದಕ್ಕೆ ಆತುಕೊಂಡಿಲ್ಲ.

ಶಾಸನದ ಮೇಲಿನ ಅರ್ಧ ಬರೆದು ಕಳಿಸಿದ್ದೇನೆ. ಕೆಳಗಿನದು ಮಣ್ಣಲ್ಲಿ ಹೂತಿದೆ, ತೋಡಿಸಬೇಕು.

ಪ್ರಯಾಗ

* * *

ಉದಗೀರ
ಮಾರ್ಗಶಿರ ಶುದ್ಧ ದ್ವಾದಶಿ

ಚಿರಂಜೀವಿ ಪ್ರಯಾಗಳಿಗೆ ಆಶೀರ್ವಾದ.

ನೀನು ಕಳಿಸಿದ ಕಾಗದ ಮುಟ್ಟಿತು. ಅಕ್ಷರಗಳು ಬಹಳ ಸವೆದಿವೆ. ನಡುನಡುವೆ ಬಿಟ್ಟುಹೋಗಿವೆ, ಇದರಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಕೆಳಗಿನ ಭಾಗ ತೋಡಿಸುವ ತೊಂದರೆ ಬೇಡ. ಚಳಿಯಲ್ಲಿ ಕಲ್ಲಿನ ಮುಂದೆ ಕೂರಬೇಡ.

ಅಳಿಯ ನಾಗನಾಥ ನಿನ್ನೊಂದಿಗೆ ಚೆನ್ನಾಗಿ ಮಾತಾಡಿಕೊಂಡಿದ್ದಾನೆಯೇ? ಅತ್ತೆಯವರು ನಿನ್ನನ್ನು ಹೇಗೆ ನೋಡಿಕೊಳ್ಳುತ್ತಾರೆ? ಇದನ್ನು ನಾನು ಇಷ್ಟು ದಿನ ಕೇಳಿರಲಿಲ್ಲ. ಮರೆಯದೆ ಬರೆ.

ಶಾಂತವೀರಪ್ಪ

* * *

ಬೆಳಕೂರ
ಪುಷ್ಯ ಶುದ್ಧ ಪಾಡ್ಯ

ಅಪ್ಪಾ,

ನಿನ್ನೆ ಎಳ್ಳಮಾಸಿ. ಊರೆಲ್ಲ ಹೊಲಕ್ಕೆ ಹೋಗಿತ್ತು. ನಾನೂ ಅತ್ತೆಯೂ ಭಜ್ಜಿ ಪಲ್ಯ, ಸಜ್ಜೆಯ ಕಡುಬು, ಅಂಬಲಿ ಹೊತ್ತು ಹೋದೆವು. ಮಾವನವರು ಜೋಳದ ನಡುವೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿದರು. ಊಟ ಮಾಡುತ್ತ ಪಕ್ಕದ ಹೊಲದವರಿಗೆಲ್ಲ, “ನಮ್ಮ ಬೀಗರು ಬರ್ಲಿಕತ್ತಾರ. ಕಲ್ಲ ಏನ ಹೇಳ್ತದೋ ಅದೇ ಖರೇ,” ಎಂದು ಹೇಳುತ್ತಲೇ ಇದ್ದರು. ನಾನು ತಲೆ ಎತ್ತದೆ ಅಂಬಲಿ ಬಡಿಸುತ್ತಿದ್ದೆ.

ಏಕೆಂದರೆ ನಾನೂ ಓದಿದ್ದೇನೆ. ‘ಬೆಳಕೂರ ಬಸದಿಗೆ ಬಿಟ್ಟ ತೋಂಟ’ ಎಂದು ಅಲ್ಲಿ ಇದೆ. ಸವೆದೇ ಇಲ್ಲ, ಹಿಟ್ಟು ತುಂಬಿದರೆ ಎಷ್ಟು ದೂರದಿಂದಲಾದರೂ ಕಾಣುತ್ತದೆ. ಕಲ್ಲೇಶ್ವರನ ಹೆಸರು ಮೇಲಿನ ಅರ್ಧದಲ್ಲಿ ಎಲ್ಲಿಯೂ ಇಲ್ಲ. ನಿಮಗೆ ಕಾಣಲಿಲ್ಲ ಎಂದು ಹೇಗೆ ನಂಬಲಿ? ಕಾಗೆಯ ಕಾಲಿನಂಥ ಗೀಟಿನಿಂದಲೂ ಅಕ್ಷರ ಎತ್ತಿದವರು ನೀವು.

ನೀವು ಕೇಳಿದ್ದಕ್ಕೆ ಉತ್ತರ. ಇವರು ನನ್ನೊಂದಿಗೆ ಚೆನ್ನಾಗಿ ಮಾತಾಡುತ್ತಾರೆ. ಅತ್ತೆ ಬೈಯುತ್ತಾರೆ, ಆದರೆ ನಾನು ಉಣ್ಣದೆ ತಾವು ಉಣ್ಣುವುದಿಲ್ಲ. ಇದನ್ನು ಈಗೇಕೆ ಕೇಳಿದಿರಿ?

ಪ್ರಯಾಗ

* * *

ಉದಗೀರ
ಪುಷ್ಯ ಶುದ್ಧ ಅಷ್ಟಮಿ

ಪ್ರಯಾಗವ್ವ,

ನಿನ್ನಿಂದ ಮುಚ್ಚಿಡಲಾಗಲಿಲ್ಲ. ನೀನು ಓದಿದ್ದು ಸರಿ. ನೀನು ಬರೆದ ಗೋಡೆ, ಚೌಕ ಕಂಬ, ಜಿನನ ಮುಕ್ಕೊಡೆ ಎಲ್ಲ ಅದನ್ನೇ ಹೇಳುತ್ತವೆ. ಬಡಗಣದ್ದು ಮೊದಲು ಕಟ್ಟಿದ ಬಸದಿ. ಮಂಟಪವೂ ಕಲ್ಲೇಶ್ವರನ ಗುಡಿಯೂ ಆಮೇಲೆ ಬಂದವು.

ಇದನ್ನು ನಾನು ಸಾಹೇಬರ ಮುಂದೆ ಓದಿದರೆ ಊರೆದುರು ಬೀಗರ ತಲೆ ತಗ್ಗುತ್ತದೆ. ಅದನ್ನು ತಗ್ಗಿಸಿದವನು ಅವರ ಮನೆಯ ಸೊಸೆಯ ತಂದೆ. ನಿನ್ನ ಸೋದರತ್ತೆ ಶೇವಂತಾಬಾಯಿ ನಿನಗೆ ನೆನಪಿದ್ದಾಳೆ. ಎರಡೂ ಮನೆಯ ಗಂಡಸರು ಹೊಲದ ಗಡಿಯ ಒಂದು ಬಾಂದಿನ ಕಲ್ಲಿಗೆ ಜಗಳಾಡಿದರು, ಅವಳನ್ನು ಗಾಡಿಯಲ್ಲಿ ಕೂರಿಸಿ ನಮ್ಮ ಬಾಗಿಲಿಗೆ ತಂದು ಇಳಿಸಿ ಹೋದರು. ಮತ್ತೆ ಯಾರೂ ಕರೆಯಲು ಬರಲಿಲ್ಲ. ಬಾಳೆಲ್ಲ ನಮ್ಮ ಹಿಂದಿನ ಕೋಣೆಯಲ್ಲಿ ರಾಟಿ ತಿರುಗಿಸುತ್ತ ಕಳೆದಳು. ಗಾಡಿಯ ಸಪ್ಪಳವಾದಾಗಲೆಲ್ಲ ಕಿಟಕಿಗೆ ಬರುತ್ತಿದ್ದಳು.

ಸುಳ್ಳು ಓದಲು ನನಗೆ ಬಾಯಿ ಬರುವುದಿಲ್ಲ. ನಿಜ ಓದಲು ಧೈರ್ಯ ಸಾಲುವುದಿಲ್ಲ. ಜ್ವರ ಬಂದು ಮಲಗಿದ್ದೇನೆ, ಪ್ರಯಾಣ ಮಾಡಲಾರೆ ಎಂದು ಬೀಗರಿಗೆ ಬರೆಯುತ್ತಿದ್ದೇನೆ. ಹಿಟ್ಟು ತೊಳೆದುಬಿಡು. ಕಲ್ಲು ಇಷ್ಟು ಶತಮಾನ ಸುಮ್ಮನಿತ್ತು, ಇನ್ನಷ್ಟು ದಿನ ಸುಮ್ಮನಿರಲಿ.

ನಿನ್ನ ಅಪ್ಪ

* * *

ಬೆಳಕೂರ
ಮಾಘ ಶುದ್ಧ ಚೌತಿ

ಅಪ್ಪಾ,

ಈ ಪತ್ರ ನನಗಿಂತ ಮುಂಚೆ ನಿಮಗೆ ಮುಟ್ಟಬೇಕು. ನನ್ನನ್ನು ಬಾಗಿಲಲ್ಲಿ ಕಂಡು ನೀವು ಗಾಬರಿಯಾಗಬಾರದು.

ನಿಮ್ಮ ಜ್ವರದ ಪತ್ರ ಬಂದ ಮೇಲೆ ಮಾವನವರು ಮಂಕಾದರು. ಸಿಟ್ಟಲ್ಲ, ಚಿಂತೆ. ಎರಡು ಸಲ ನನ್ನನ್ನು ಕೇಳಿದರು, “ನಿಮ್ಮ ಅಪ್ಪಗ ಮದ್ದ ಕೊಡೋರು ಯಾರರ ಅದಾರೇನವ್ವಾ?” ಉದಗೀರಕ್ಕೆ ಬೆಲ್ಲ, ಹೊಸ ಜೋಳ ಕಳಿಸಲು ಗಾಡಿ ಹೂಡಿಸುತ್ತಿದ್ದರು. ಅದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ನನ್ನ ಸಲುವಾಗಿ ನೀವು ಆಡಿದ ಸುಳ್ಳಿಗೆ ಅವರು ಬೆಲ್ಲ ಕಟ್ಟುತ್ತಿದ್ದರು.

ಕಲ್ಲಿನ ಕೆಳಭಾಗವನ್ನು ನಾನೊಬ್ಬಳೇ ಕೂತು ಕಳೆ ಕೀಳುವ ಕುರ್ಚಿಗೆಯಿಂದ ಮಣ್ಣು ತೋಡಿ ತೆಗೆದಿದ್ದೆ. ಮುಂಜಾನೆ ಮಾವನವರು ಪೂಜೆಗೆ ಬಂದಾಗ ಬಟ್ಟಲಲ್ಲಿ ಹಿಟ್ಟು ಹಿಡಿದು ಅಲ್ಲಿದ್ದೆ.

“ಹಿಟ್ಟ ಯಾಕ ತಂದೀ?”

ಸೆರಗು ಎಳೆದುಕೊಂಡು ಕಂಬದ ಮರೆಗೆ ಸರಿದು ನಿಂತೆ. “ಮಾವಾ, ಈ ಕಲ್ಲ ನನಗೂ ಓದಲಿಕ್ಕಿ ಬರ್ತದ್ರಿ,” ಅಂದೆ.

ನಾನು ಬಸದಿಯ ಸಾಲು ಓದಿದೆ. ಅರ್ಥ ಹೇಳಿದೆ. ಅವರು ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು.

“ಹಂಗಂತ ಬರದದ?”

“ಹೌದ್ರಿ.”

“ನಿಮ್ಮ ಅಪ್ಪಗ ಇದು ಗೊತ್ತದ?”

ನಾನು ಬಟ್ಟಲಿನ ಹಿಟ್ಟಿನ ಕಡೆ ನೋಡಿದೆ. ಅವರೇ, “ಜ್ವರಾ ಅದಕ್ಕೇ ಬಂದದ,” ಅಂದರು. ಆಮೇಲೆ ಮಂಟಪದ ಕಟ್ಟೆಯ ಮೇಲೆ ಕೂತು, “ಮುಂದ ಓದು,” ಅಂದರು.

ಮುಂದಿನದನ್ನು ನೀವು ಓದಿಲ್ಲ. ಹೀಗಿದೆ: ‘ಚಂದಿಕಬ್ಬೆ ತನ್ನ ತವರ್ಮನೆಯ ದೇವರ ಬಸದಿಯ ಕೆಲದೊಳ್ ಗಂಡನ ಮನೆಯ ದೇವರ್ಗೆ ದೇಗುಲಮಂ ಮಾಡಿಸಿ ಎರಡರ್ಕಂ ಒಂದೆ ಮಂಟಪಮಂ ಮಾಡಿಸಿದಳ್.’ ತವರ ದೇವರ ಪಕ್ಕದಲ್ಲೇ ಗಂಡನ ಮನೆಯ ದೇವರಿಗೂ ಗುಡಿ, ಎರಡಕ್ಕೂ ಒಂದೇ ಮಂಟಪ ಎಂದು ಮಾವನವರಿಗೆ ಅರ್ಥ ಹೇಳಿದೆ. ಆಮೇಲೆ ಕಲ್ಲೇಶ್ವರನ ಹೆಸರು ಬರುತ್ತದೆ. ಆಕೆಯ ಗಂಡನ ಹೆಸರಿರುವ ಜಾಗ ಒಡೆದುಹೋಗಿದೆ.

“ಹೆಣ್ಮಗಳು ಕಟ್ಟಿಸಿದ್ದಾ?” ಎಂದು ಮಾವನವರು ಕೇಳಿದರು. ಹೌದೆಂದೆ. ಅವರು ಎದ್ದು ತಲೆಯ ಮೇಲಿನ ಕಲ್ಲುತಾವರೆಯನ್ನು ನೋಡಿದರು. ಪೂಜೆ ಮಾಡಲಿಲ್ಲ. ಹೋಗುವಾಗ, “ನಾಗನಾಥಗ ಗಾಡಿ ಹೂಡಂತ ಹೇಳ್ತೀನಿ. ನೀ ತವರಿಗಿ ಹೋಗು,” ಅಂದರು. ಎಷ್ಟು ದಿನಕ್ಕೆ ಎಂದು ಕೇಳಿದೆ. ಅವರು ತಂಬಿಗೆ ಎತ್ತಿಕೊಂಡು ಹೊರಟುಹೋದರು.

ಅತ್ತೆ ಅಡುಗೆಮನೆಯಲ್ಲಿ ನನ್ನ ಕಡೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದಾರೆ, ದಾರಿಗೆ. ಗಾಡಿ ಹೂಡುತ್ತ ಇವರು ಮಾತ್ರ ಒಂದು ಮಾತು ಅಂದರು, “ನನಗರ ಮೊದಲ ಹೇಳಬೇಕಿತ್ತು.” ಅದು ನಿಜ. ಹೇಳಬೇಕಿತ್ತು.

ನಿಮ್ಮ ಮಾತು ಮೀರಿದೆ. ಆದರೆ ಹಿಟ್ಟು ತೊಳೆದಿಲ್ಲ.

ಪ್ರಯಾಗ

* * *

ಬೆಳಕೂರ
ಮಾಘ ಬಹುಳ ಪಂಚಮಿ

ಉದಗೀರದ ಬೀಗರಾದ ಶಾಂತವೀರಪ್ಪನವರಿಗೆ, ಬೆಳಕೂರದ ಜಗದೇವಪ್ಪನ ಶರಣು. ಬರೆದವನು ಮಗ ನಾಗನಾಥ, ಹೇಳಿದವನು ನಾನು.

ನಿಮ್ಮ ಜ್ವರ ಇಳಿದಿರಬೇಕು. ಇಳಿಯದಿದ್ದರೂ ಈ ಪತ್ರ ಓದಿದ ಮೇಲೆ ಇಳಿಯುತ್ತದೆ.

ನಿನ್ನೆ ತಹಸೀಲ್ದಾರ ಸಾಹೇಬರು ಬಂದಿದ್ದರು. ಊರೆಲ್ಲ ಮಂಟಪದಲ್ಲಿ ಕೂತಿತ್ತು. ನೇಮಣ್ಣ ಒಂದು ಕಂಬದ ಬಳಿ ಒಬ್ಬನೇ ನಿಂತಿದ್ದ. ಸಾಹೇಬರು, “ಪಾಟೀಲ್, ನಿಮ್ಮ ಬೀಗರು ಎಲ್ಲಿ? ಯಾರು ಓದ್ತಾರ?” ಎಂದು ಕೇಳಿದರು. ನಾನು ಎದ್ದು ನಿಂತೆ. “ಓದಿ ಆಗ್ಯದ ಸಾಹೇಬ್. ಬಡಗಣ ಗುಡಿ ಜಿನದೇವರದು. ನಮ್ಮ ಕಲ್ಲಯ್ಯನಕಿಂತ ಮೊದಲಿಂದದ,” ಅಂದೆ. ಹಿಂದಿನಿಂದ ಜನ ಕೂಗಿದರು. ಸಾಹೇಬರು ಮತ್ತೆ, “ಓದಿದವರು ಯಾರು?” ಅಂದರು. “ನನ್ನ ಸೊಸಿ,” ಅಂದೆ. ಆಮೇಲೆ ಆ ಚಂದಿಕಬ್ಬೆಯ ಮಾತನ್ನು ನನಗೆ ನೆನಪಿದ್ದಷ್ಟು ಹೇಳಿದೆ. ಸಾಹೇಬರು ನೇಮಣ್ಣನ ಅರ್ಜಿ ಮಂಜೂರು ಮಾಡಿದರು. ಗದ್ದಲ ಮಾಡುತ್ತಿದ್ದವರಲ್ಲಿ ಕೆಲವರು ಸುಮ್ಮನಾದರು, ಕೆಲವರು ಎದ್ದು ಹೋದರು. ಹೋದವರು ನಮ್ಮ ಮನೆಯ ನೀರು ಕುಡಿಯುವುದಿಲ್ಲ ಎಂದಿದ್ದಾರೆ. ನನ್ನ ತಮ್ಮನೂ ಅವರಲ್ಲಿ ಒಬ್ಬ. ಅದು ಸುಡುತ್ತದೆ, ಇಲ್ಲ ಅನ್ನುವುದಿಲ್ಲ.

ಬೀಗರೇ, ನಿಮ್ಮ ಮಗಳನ್ನು ನಾನು ಹೊರಗೆ ಹಾಕಲಿಲ್ಲ. ಸಾಹೇಬರು ಬರುವ ದಿನ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ನಾನೇ ಏನು ಹೇಳುತ್ತೇನೋ ಅದೂ ಗೊತ್ತಿರಲಿಲ್ಲ. ಊರ ಬಾಯಿಗೆ ಆಕೆ ಸಿಗಬಾರದು ಎಂದಷ್ಟೇ ಗಾಡಿಗೆ ಹತ್ತಿಸಿದೆ. ಎಷ್ಟು ದಿನಕ್ಕೆ ಎಂದು ಆಕೆ ಕೇಳಿದಳು. ಆಗ ಬಾಯಿ ತೆರೆದಿದ್ದರೆ ನನ್ನ ಅಳುಕು ಆಕೆಗೆ ಕಂಡುಬಿಡುತ್ತಿತ್ತು. ಹೊರಟಾಗ ಆಕೆ ತಿರುಗಿ ಮನೆಯನ್ನು ನೋಡಿದ್ದು ನನಗೆ ಕಣ್ಣಿಂದ ಹೋಗಿಲ್ಲ.

ನಿಮ್ಮ ಜ್ವರದ ಮೇಲೂ ನನಗೆ ಸಿಟ್ಟಿಲ್ಲ. ಮಗಳಿದ್ದಿದ್ದರೆ ನನಗೂ ಬರುತ್ತಿತ್ತು.

ಶಿವರಾತ್ರಿಗೆ ಸೊಸೆ ಮನೆಯಲ್ಲಿರಬೇಕು. ಈ ಪತ್ರ ಟಪಾಲಿಗೆ ಬಿದ್ದ ಕೂಡಲೇ ನಾಗನಾಥ ಗಾಡಿ ಹೂಡುತ್ತಾನೆ. ಭಾಗೀರಥಿ ಹೇಳಿಸುತ್ತಿದ್ದಾಳೆ: “ಆಕಿ ಬರೂತನಾ ಗುಡಿಗಿ ನಾ ಕಾಲ ಇಡಂಗಿಲ್ಲ ಅಂತ ಬರೀ.”

ಜಗದೇವಪ್ಪ

* * *

ಬೆಳಕೂರ
ಫಾಲ್ಗುಣ ಶುದ್ಧ ಸಪ್ತಮಿ

ಅಪ್ಪಾ,

ಶಿವರಾತ್ರಿಯ ಮುಂಜಾನೆಯೇ ಬಂದು ಮುಟ್ಟಿದೆವು. ದಾರಿಯುದ್ದಕ್ಕೂ ಇವರು ನನ್ನಿಂದ ಹಳೆಯ ಅಕ್ಷರ ಹೇಳಿಸಿಕೊಂಡರು. ‘ಕ’ ಮತ್ತು ‘ನ’ ಬಂದಿವೆ, ಉಳಿದವು ಬರುತ್ತವೆ.

ನಿನ್ನೆ ನಡೆದದ್ದನ್ನು ನಿಮಗೆ ಬರೆಯಲೇಬೇಕು. ನೇಮಣ್ಣನವರ ಪೂಜೆಗೆಂದು ಬಡಗಣ ಗುಡಿಯ ಕಣಕಿಯನ್ನು ಮಾವನವರು ಖಾಲಿ ಮಾಡಿಸಿದ್ದರು. ಆಳುಗಳಲ್ಲಿ ಕೆಲವರು ಒಲ್ಲೆನೆಂದಾಗ ತಾವೇ ಪೆಂಡಿ ಹೊತ್ತರಂತೆ. ಮಧ್ಯಾಹ್ನ ನೇಮಣ್ಣನವರು ಗಾಡಿಯಲ್ಲಿ ಬಂದರು, ಜೊತೆಗೆ ಬೆನ್ನು ಬಾಗಿದ ಮುದುಕಿಯೊಬ್ಬರು. ಅವರ ತಾಯಿ ಮಾಣಿಕಮ್ಮ. ಅತ್ತೆಯೂ ನಾನೂ ಕಲ್ಲೇಶ್ವರನ ಕಡೆ ನಿಂತು ನೋಡುತ್ತಿದ್ದೆವು. ಹೊಸ್ತಿಲು ಎತ್ತರ, ಮುದುಕಿಗೆ ಕಾಲೆತ್ತಲು ಆಗಲಿಲ್ಲ. ನೇಮಣ್ಣ ಕೈಯಲ್ಲಿ ಅಕ್ಕಿ, ಲವಂಗದ ತಟ್ಟೆ ಹಿಡಿದಿದ್ದರು. ಅತ್ತೆಯೇ ಹೋಗಿ ಆಕೆಯ ರಟ್ಟೆ ಹಿಡಿದರು.

“ಸಾವಕಾಶ್ರಿ ಅವ್ವಾ. ಈ ಹೊಸ್ತಿಲಾ ಎಲ್ಲಾರನೂ ಎಡವಸ್ತದ.”

ಮುದುಕಿ ನಕ್ಕರು. “ಈ ಹೊಸ್ತಿಲಾ ನನಗಿ ಗೊತ್ತದವ್ವಾ. ನಮ್ಮ ಅವ್ವನ ಪೂಜಿ ಮುಗಿಯೂ ತನಕಾ ಇದರ ಮ್ಯಾಲೇ ಕುಂತು ಹಾದಿ ನೋಡ್ತಿದ್ದೆ.”

ಅತ್ತೆಗೆ ತಿಳಿಯಲಿಲ್ಲ. “ನಿಮ್ಮ ತವರ ಯಾವೂರ್ರಿ?”

“ಇದೇ ಊರವ್ವಾ. ನಾ ಬೆಳಕೂರಾಕಿನೇ. ಆ ಬಾವಿ ಕಡಿ ಓಣ್ಯಾಗ ನಮ್ಮ ಮನಿ ಇತ್ತು. ನಾ ಸಣ್ಣಾಕಿ ಇದ್ದಾಗ ಬ್ಯಾನಿ ಬಂದು ನಮ್ಮ ಮಂದಿ ಅರ್ಧಾ ಸತ್ತರು, ಉಳದೋರು ಊರ ಬಿಟ್ಟರು.”

ಅಪ್ಪಾ, ಇಷ್ಟು ತಿಂಗಳ ಜಗಳದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನೇಮಣ್ಣನೂ ಹೇಳಿರಲಿಲ್ಲ. ಮಾವನವರು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಇಲ್ಲವೆಂದ ದಿನ, ತಾಯಿಯ ಮಾತು ಎತ್ತಿ ಬೇಡಿಕೊಳ್ಳಲು ಮನಸ್ಸಾಗಲಿಲ್ಲವಂತೆ. ಮಾವನವರು ಮಂಟಪದ ಕಟ್ಟೆಯಿಂದ ಎಲ್ಲ ಕೇಳಿಸಿಕೊಂಡರು. ತಲೆಯ ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಮುದುಕಿ ಒಳಗೆ ಮೂರ್ತಿಯ ಮುಂದೆ ಬಹಳ ಹೊತ್ತು ಕೂತಿದ್ದರು. ಹೊರಬಂದಾಗ ಬಿಸಿಲು ಇಳಿದಿತ್ತು. ನೇಮಣ್ಣ ಗಾಡಿ ಹೂಡಲು ಹೊರಟರು. ಅತ್ತೆ ಅಡ್ಡ ನಿಂತರು. “ತವರಿಗಿ ಬಂದಾಕಿ ಹಂಗೇ ಹೋಗ್ತಾಳೇನು? ಉಂಡು ಹೋಗ್ಲಿ.” ನೇಮಣ್ಣ ಸಂಕೋಚದಿಂದ, ಹೊತ್ತು ಮುಳುಗಿದ ಮೇಲೆ ತಾಯಿ ಬಾಯಿಗೆ ನೀರೂ ಹಾಕುವುದಿಲ್ಲ ಎಂದರು. ಅತ್ತೆ ಆಕಾಶ ನೋಡಿದರು. ಮಾತಾಡದೆ ಸೆರಗು ಸಿಕ್ಕಿಸಿಕೊಂಡು ಮನೆಯ ಕಡೆ ಓಡಿದರು. ಅವರು ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. “ಪ್ರಯಾಗಿ, ಅವ್ರು ಉಳ್ಳಾಗಡ್ಡಿ ಮುಟ್ಟಂಗಿಲ್ಲ, ಬುಟ್ಟಿ ಹೊರಗಿಡು! ನೀರ ಸೋಸು!”

ಅವರು ಹೆಸರುಬೇಳೆ ಒಲೆಗೆ ಇಟ್ಟರು. ನಾನು ಹಿಟ್ಟು ನಾದಿ ರೊಟ್ಟಿ ಬಡಿದೆ. ಒಲೆ ಹೊಗೆಯಾಡಿತು, ಅತ್ತೆ ಊದಿ ಊದಿ ಕೆಮ್ಮಿದರು. ಮಾಣಿಕಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು, ನಮ್ಮ ಮನೆಯ ತೊಲೆಗಳನ್ನೂ ಬೆಳಕಿಂಡಿಯನ್ನೂ ಒಂದೊಂದಾಗಿ ನೋಡುತ್ತಿದ್ದರು. ಮೊದಲ ರೊಟ್ಟಿ ತಾಟಿಗೆ ಬಿದ್ದಾಗ ಬಿಸಿಲು ಗೋಡೆಯ ಮೇಲಿನ ಅಂಚಿಗೆ ಹೋಗಿತ್ತು. ಮುದುಕಿಯ ಬೆರಳಿಗೆ ರೊಟ್ಟಿ ಬಗ್ಗದೆ ತುತ್ತು ಮುರಿಯುವುದು ತಡವಾಗುತ್ತಿತ್ತು. ಅತ್ತೆ ತಾವೇ ಮುರಿದು ಬೇಳೆಯಲ್ಲಿ ಅದ್ದಿ ಕೊಡತೊಡಗಿದರು.

ಮಾವನವರು ಒಳಗೆ ಬರಲಿಲ್ಲ. ಅಂಗಳದ ಆ ತುದಿಯಲ್ಲಿ, ಪಡುವಣಕ್ಕೆ ಮುಖ ಮಾಡಿ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅಲ್ಲಿಂದಲೇ ಕೂಗಿದರು:

“ಹೊತ್ತ ಇನ್ನಾ ಅದ. ಸಾವಕಾಶ ಉಣ್ಣಂತ ಹೇಳ್ರಿ ಅವ್ರಿಗಿ.”

ನಿಮ್ಮ ಮಗಳು,
ಪ್ರಯಾಗ